ಕಾಶವ್ವ ತಲೆದಿಂಬಿನಡಿ ಇಟ್ಟ ಚೂರಿ

“ಇದೇನು ಬಡಿದಾಡೂ ಚೂರಿ ಅಲ್ಲವಾ ಯವ್ವಾ, ಹೆದರಬ್ಯಾಡ. ಬೈಲಹೊಂಗಲ ಸಂತ್ಯಾಗ ಕಮ್ಮಾರನ ಮುಂದ ಕುಂತು ಮಾಡಿಸಿದ್ದು. ಮುರದ ಲಾರಿ ಸ್ಪ್ರಿಂಗಿನ ಪಟ್ಟಿ ಕಬ್ಬಿಣ. ಆಂವಾ ಮಡಚೂ ಚಾಕು ತಗೋ, ಇಟ್ಕೊಳ್ಳಾಕ ಸಲೀಸು ಅಂದ. ನಾ ಒಲ್ಲೆ ಅಂದೆ. ಮಡಚೂದು ಒಂದಿಲ್ಲಾ ಒಂದಿನ ಬೆರಳ ಮ್ಯಾಲ ಮಡಚತೈತಿ. ಇದು ನೋಡು, ನೆಟ್ಟಗ ಐತಿ. ಹಿಡಿಕಿ ಒಳಗ ಕಡೀತನಾ ಕಬ್ಬಿಣ ಹೋಗೈತಿ. ಮುಂಜಾನೆ ಸೀರಿ ನಿರಿಗಿ ಸಿಗಿಸಿದ ಮ್ಯಾಲ ಇದನ್ನ ಸೊಂಟಕ್ಕ ಸಿಗಸ್ತೇನಿ, ಆಮ್ಯಾಲನ ಬಾಗಲ ತಗಿಯೂದು. ಬಾಳಿ ಎಲಿ ತುದಿ ಕೊಯ್ಯಾಕ ಇದ, ಹೂವಿನ ಪೆಂಡಿ ಹಗ್ಗ ಕಡ್ಯಾಕ ಇದ, ತೆಂಗಿನಕಾಯಿ ಸಿಪ್ಪಿ ಬಿಡಿಸಾಕ ಇದ. ಹಸಿವಾದ್ರ ಉಳ್ಳಾಗಡ್ಡಿ ಹೆಚ್ಚಾಕೂ ಇದ. ಕಾಲಾಗ ಮುಳ್ಳ ಮುರದ್ರ ತುದಿ ಐತಿ. ಒಮ್ಮೆ ಸ್ವಾರಗೇಟದಾಗ ಮೆಟ್ರೋ ಹತ್ತಾಕ ಹ್ವಾದೆ. ಬಾಗಲದಾಗ ಒಬ್ಬಾಕಿ ಹುಡುಗಿ ನನ್ನ ಮೈಮ್ಯಾಲ ಅದೇನೋ ಕೋಲ ಆಡಿಸಿದ್ಲು, ಕುಂಯ್ ಅಂತು. ಆಜೀ, ಚಾಕು ಯಾಕ ಅಂದ್ಲು. ಎಲಿ ಕೊಯ್ಯಾಕವ್ವ ಅಂದೆ. ಇಲ್ಲೇ ಬಿಟ್ಟು ಹೋಗು ಅಂದ್ಲು. ಇದನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲಿ? ತಿರಿಗಿ ಬಂದು ಬಸ್ಸ ಹತ್ತಿದೆ. ಬಸ್ಸಿನಾಗ ಯಾರೂ ಕೇಳಂಗಿಲ್ಲ. ಒಬ್ಬಾಕಿ ಇರೂ ಹೆಂಗಸಿಗೆ ಕೈ ಹ್ವಾದಲ್ಲಿ ಏನರ ಒಂದು ಸಿಗಬೇಕಲ್ಲವಾ, ಅಷ್ಟ.”

ಕಾಶವ್ವ ಹೀಗೆ ಹೇಳಿದ್ದು ಸುರಭಿಗೆ, ಪುಣೆಯ ಧನಕವಡಿಯಲ್ಲಿ, ಸುರಭಿಯ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಕೂತಲ್ಲಿಂದ. ಅದೇ ಅವಳ ಅಂಗಡಿ. ಎರಡು ಗೋಣಿತಾಟು, ಬಣ್ಣ ಹೋದ ಒಂದು ದೊಡ್ಡ ಕೊಡೆ, ಬಾಳೆ ಎಲೆ, ತೆಂಗಿನಕಾಯಿ, ಚೆಂಡುಹೂ, ಗರಿಕೆ, ಮಾವಿನ ಸೊಪ್ಪು. ಈ ಊರಿಗೆ ಬಂದು ಅವಳ ತಲೆಯೇ ನರೆತಿತ್ತು. ಗಿರಾಕಿಗಳ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಳು, ರಿಕ್ಷಾದವರನ್ನು ಹಿಂದಿಯಲ್ಲಿ ಬೈಯುತ್ತಿದ್ದಳು. ಆದರೆ ಎಲೆ ಎಣಿಸುವಾಗ ಮಾತ್ರ ಬಾಯಿಗೆ ಕನ್ನಡವೇ ಬರುತ್ತಿತ್ತು. ಬಸುರಿ ಹೆಂಗಸು ಸುರಭಿ ಒಂದು ದಿನ ಆ ಎಣಿಕೆ ಕೇಳಿ ಅಲ್ಲೇ ನಿಂತುಬಿಟ್ಟಿದ್ದಳು. ಅವಳು ಧಾರವಾಡದವಳು. ಗಂಡ ಓಂಕಾರ್ ಚಾಕಣದ ಕಾರು ಕಾರ್ಖಾನೆಯಲ್ಲಿದ್ದ; ಬೆಳಕು ಹರಿಯುವ ಮುಂಚೆ ಕಂಪನಿ ಬಸ್ಸು ಹತ್ತಿದರೆ ದೀಪ ಹಚ್ಚಿದ ಮೇಲೆ ಮನೆಗೆ. ಹಗಲೆಲ್ಲ ಗೋಡೆ ನೋಡಿ ಬೇಸತ್ತ ಹುಡುಗಿ ಸಂಜೆ ಕೆಳಗಿಳಿದು ಬಂದು, ಕಾಶವ್ವ ಸರಿಸಿಕೊಟ್ಟ ಗೋಣಿತಾಟಿನ ಮೇಲೆ ಕೂರತೊಡಗಿದಳು. ಆಯಿ ಎಂದು ಕರೆಯತೊಡಗಿದಳು. ಹೂವು ಕಟ್ಟುವುದಕ್ಕೂ ಕೈ ಹಾಕಿದಳು, ಆದರೆ ಅವಳು ಕಟ್ಟಿದ ಮಾಲೆಯನ್ನು ಕಾಶವ್ವ ಅವಳು ಮೇಲೆ ಹೋದ ಮೇಲೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ಸುರಭಿ ಎಲ್ಲವನ್ನೂ ಕೇಳುವಳು, ಗಂಡನ ಸುದ್ದಿಯೊಂದನ್ನು ಬಿಟ್ಟು. ಕಾಶವ್ವನ ಹಣೆಯಲ್ಲಿ ಕುಂಕುಮವಿತ್ತು, ಕೈತುಂಬ ಹಸಿರು ಬಳೆಗಳಿದ್ದವು. ಅದನ್ನು ನೋಡಿದವರು ಮತ್ತೇನನ್ನೂ ಕೇಳುವುದಿಲ್ಲ.

ಕಾಶವ್ವನ ಗಂಡ ಈರಬಸಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಉಳ್ಳಾಗಡ್ಡಿ ಲೋಡಿನ ಜೊತೆ ಸೂರತ್ತಿಗೆ ಹೋಗಿ ಬರುತ್ತೇನೆಂದು ಲಾರಿ ಹತ್ತಿದವನು ತಿರುಗಿ ಬರಲಿಲ್ಲ. ಲಾರಿ ಬಂತು, ಡ್ರೈವರ್ ಬಂದ. ಆತ ಅಲ್ಲೇ ಇಳಿದುಕೊಂಡ ಎಂದಷ್ಟೇ ಹೇಳಿದ ಡ್ರೈವರ್. ಬಹಳ ವರ್ಷ ಕಾಶವ್ವ ಆ ಕಡೆಯ ಲಾರಿ ಕಂಡಲ್ಲೆಲ್ಲ ವಿಚಾರಿಸಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಮಕ್ಕಳಿರಲಿಲ್ಲ. ಸತ್ತನೆಂಬ ಸುದ್ದಿಯೂ ಇಲ್ಲ, ಇದ್ದಾನೆಂಬ ಸುದ್ದಿಯೂ ಇಲ್ಲ. ಬಳೆ ತೆಗೆದಿಟ್ಟರೆ ತಾನೇ ಕೈಯಾರೆ ಅವನನ್ನು ಸಾಯಿಸಿದಂತೆ ಆಗುತ್ತದೆಂದು ಅವಳಿಗೆ ಅನಿಸುತ್ತಿತ್ತು. ಹಾಗಾಗಿ ಬಳೆ ಒಡೆದಾಗ ಹೊಸದು ಹಾಕಿಸಿಕೊಳ್ಳುತ್ತಿದ್ದಳು.

ಹೆರಿಗೆ ದಿನಕ್ಕೆ ಮುಂಚೆಯೇ ಆಯಿತು. ಧಾರವಾಡದ ತಾಯಿ ಕಾಲು ಮುರಿದುಕೊಂಡು ಮಲಗಿದ್ದಳು, ಬರುವಂತಿರಲಿಲ್ಲ. ಊರಿನ ಇನ್ನೊಂದು ತುದಿ ವಾಕಡದಲ್ಲಿ ಹಿರಿಮಗನ ಮನೆಯಲ್ಲಿದ್ದ ಅತ್ತೆ ರಂಗೂಬಾಯಿ ಬಾಣಂತನಕ್ಕೆ ಬಂದಿಳಿದಳು. ಬೆಳಗಾವಿಯ ಹೆಂಗಸು, ಗಟ್ಟಿ ದನಿ, ಶಾಸ್ತ್ರದಲ್ಲಿ ಬಿಗಿ. ಗಾಳಿ ಸೋಕದಂತೆ ಬಾಣಂತಿಯ ತಲೆದಿಂಬಿನಡಿ ಕಬ್ಬಿಣ ಇಡಬೇಕು ಎಂದಳು. ಅಡಿಗೆಮನೆಯಲ್ಲಿ ಹುಡುಕಿದರೆ ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ ಹಿಡಿಕೆಯ, ಥಳಥಳ ಹೊಳೆಯುವ ಸ್ಟೀಲ್ ಚಾಕುಗಳೇ. ಇವು ಆಟದ ಸಾಮಾನು, ಬೆಂಕಿ ಕಂಡ ಕಬ್ಬಿಣ ಬೇಕು ಎಂದು ರೇಗಿದಾಗ ಮಂಚದ ಮೇಲಿನ ಸುರಭಿ, ಕೆಳಗೆ ಕಾಶವ್ವನ ಹತ್ತಿರ ಇದೆಯೆಂದಳು.

ರಂಗೂಬಾಯಿ ತಾನೇ ಇಳಿದು ಬಂದಳು. ಚೂರಿ ನೋಡಿದಳು. ಒಪ್ಪಿಗೆಯಾಯಿತು. ಕಾಶವ್ವ ಅದನ್ನು ಒರೆಯಿಂದ ತೆಗೆದು ನೆಲದ ಮೇಲೆ ಇಟ್ಟಳು, ಯಾಕೆಂದರೆ ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಹತ್ತುತ್ತದೆ. ಆದರೆ ರಂಗೂಬಾಯಿ ಅದನ್ನು ಎತ್ತಿಕೊಳ್ಳಲಿಲ್ಲ. ಕಾಶವ್ವನ ಬಳೆಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು.

“ನೀವ ಬಂದು ಇಡ್ರಿ. ಕಬ್ಬಿಣ ಯಾರದೋ ಅವರ ಕೈಲೆನ ಇಡಬೇಕು. ಮುತ್ತೈದಿ ಕೈ ಅದ. ತೊಟ್ಟಲದ ದಿನ ನೀವ ಬಂದು ತಗೀಬೇಕು ಮತ್ತ.”

ಕಾಶವ್ವ ಚೂರಿಯನ್ನು ತಾನೇ ಎತ್ತಿಕೊಂಡಳು. ಮೂಲೆಯ ನಳದಲ್ಲಿ ಕಾಲು ತೊಳೆದುಕೊಂಡು ಅವಳ ಹಿಂದೆ ಲಿಫ್ಟು ಹತ್ತಿದಳು.

ಆ ಕಟ್ಟಡದ ಎಷ್ಟೋ ಹೊಸ್ತಿಲಿಗೆ ಅವಳು ಎಲೆ ಕಟ್ಟು ಇಟ್ಟು ಬಂದಿದ್ದಳು. ಹೊಸ್ತಿಲು ದಾಟಿದ್ದು ಇದೇ ಮೊದಲು. ಕೋಣೆಯಲ್ಲಿ ಅಜವಾನದ ಹೊಗೆ. ಸುರಭಿ ಸೊರಗಿದ ಮುಖದಲ್ಲಿ ನಕ್ಕು, ಆಯಿ ಬಂದಳು ನೋಡು ಎಂದು ಕೂಸಿನ ಕಡೆ ತಿರುಗಿದಳು. ಹೆಣ್ಣು ಕೂಸು. ಕಾಶವ್ವ ದಿಂಬನ್ನು ಎತ್ತಿ, ಅಲಗು ಗೋಡೆಯ ಕಡೆಗೆ ಬರುವಂತೆ ಚೂರಿ ಇಟ್ಟು, ದಿಂಬು ಸರಿಮಾಡಿದಳು. ಕೂಸನ್ನು ಮುಟ್ಟಲಿಲ್ಲ. ಕೈಗೆ ಎಲೆಯ ಕರೆ ಹತ್ತಿತ್ತು. ತೊಟ್ಟಿಲ ದಿನ ಕೈ ಚೊಕ್ಕ ಮಾಡಿಕೊಂಡು ಬಂದಾಗ ಎತ್ತಿಕೊಂಡರಾಯಿತು ಎಂದುಕೊಂಡಳು.

ಅಂದಿನಿಂದ ಅವಳಿಗೆ ತೊಟ್ಟಿಲ ದಿನದ್ದೇ ಧ್ಯಾನ. ಈ ಊರಿನಲ್ಲಿ ಅವಳನ್ನು ಯಾರೂ ಶುಭಕಾರ್ಯಕ್ಕೆ ಕರೆದಿರಲಿಲ್ಲ. ಎಲೆ ತರಿಸಿಕೊಂಡಿದ್ದರು, ಹೂವು ತರಿಸಿಕೊಂಡಿದ್ದರು. ಈಗ ಒಂದು ಮನೆಯವರು ಅವಳ ಕೈ ಬೇಕೆಂದಿದ್ದರು. ತನ್ನ ತಗಡಿನ ಕೋಣೆಯಲ್ಲಿ ಟ್ರಂಕು ತೆಗೆದು ಇಳಕಲ್ಲ ಸೀರೆಯನ್ನು ಗಾಳಿಗೆ ಹಾಕಿದಳು. ಕೂಸಿಗೆ ಕುಲಾಯಿ ಹೊಲಿದಳು, ಕಿವಿ ಮುಚ್ಚುವಂತೆ.

ಚೂರಿ ಇಲ್ಲದ ಸೊಂಟ ಮಾತ್ರ ಒಗ್ಗಲಿಲ್ಲ. ರಸ್ತೆ ಬದಿಯ ಗಾಡಿಯಲ್ಲಿ ಕೆಂಪು ಹಿಡಿಕೆಯ ಅಗ್ಗದ ಚಾಕು ಕೊಂಡಳು. ಅದು ಎಲೆಯನ್ನು ಕೊಯ್ಯದೆ ಹರಿಯುತ್ತಿತ್ತು, ತೆಂಗಿನ ನಾರಿಗೆ ಬಾಗುತ್ತಿತ್ತು. ಹಗ್ಗ ಕಡಿಯಬೇಕಾದಾಗೆಲ್ಲ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ, ಬರಿದಾದ ಒರೆ ಮುಟ್ಟಿ ವಾಪಸು ಬರುತ್ತಿತ್ತು. ವಾಚ್‌ಮನ್ ಮನೋಹರ, ಸೊಲ್ಲಾಪುರದವನು, ಅವಳ ಜೊತೆ ಕನ್ನಡ ಆಡುವ ಇನ್ನೊಬ್ಬ, ಆದರೂ ಅವಳನ್ನು ಚಿಕ್ಕವ್ವ ಎನ್ನದೆ ಮರಾಠಿಯಲ್ಲಿ ಮಾವಶಿ ಎನ್ನುವವನು, ಅದನ್ನು ನೋಡಿ ಮಾವಶಿಯ ಪಿಸ್ತೂಲು ಕಳುವಾಗಿದೆಯೆಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಕಾಶವ್ವನೂ ನಗುತ್ತಿದ್ದಳು. ರಾತ್ರಿ ಕೋಣೆಯಲ್ಲಿ ಒಬ್ಬಳೇ ಮಲಗಿದಾಗ ದಿಂಬಿನ ಬದಿ ಖಾಲಿ ಖಾಲಿ ಅನಿಸಿದರೂ, ಅದು ಈಗ ಎಲ್ಲಿದೆ ಎಂದು ನೆನೆದುಕೊಂಡರೆ ನಿದ್ದೆ ಬರುತ್ತಿತ್ತು.

ತೊಟ್ಟಿಲ ಹಿಂದಿನ ದಿನ ಸಂಜೆ ರಂಗೂಬಾಯಿ ಊಟದ ಎಲೆಗೆಂದು ಇಳಿದು ಬಂದಳು. ಹುರುಪಿನಲ್ಲಿದ್ದಳು. ವಾಕಡದ ಹಿರಿಸೊಸೆ ಶರ್ವರಿ ಬರುತ್ತಾಳೆ, ಬೀಗರು ಬರುತ್ತಾರೆ, ಜಾಗ ಸಾಲುವುದಿಲ್ಲ ಎಂದೆಲ್ಲ ಹೇಳಿದಳು. ಕಾಶವ್ವ ಅಗಲವಾದ ಎಲೆಗಳನ್ನೇ ಆರಿಸಿ ಆರಿಸಿ ಇಟ್ಟಳು. ಹಣ ಒಲ್ಲೆ, ಇದು ನನ್ನ ಕೂಸಿನ ಕೆಲಸ ಎಂದಳು. ಆ ಮಾತಿಗೆ ರಂಗೂಬಾಯಿಗೂ ಖುಷಿಯಾಯಿತು.

“ನಾಳೆ ಜಲ್ದಿ ಬರ್ರಿ ಮತ್ತ. ನಿಮ್ಮ ಯಜಮಾನ್ರನ್ನೂ ಕರಕೊಂಡ ಬರ್ರಿ. ಊಟಕ್ಕ ಇಲ್ಲೇ.”

ಊರಿಗೆ ಹೋಗಿದ್ದಾರೆ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ತಾನು ಇಟ್ಟ ಕಬ್ಬಿಣದ ಮೇಲೆ ಒಂದು ಕೂಸು ಮಲಗಿದೆ, ಸುಳ್ಳು ಹೇಳಿ ಅದನ್ನು ತೆಗೆದರೆ ನಾಳೆ ಕೂಸಿಗೆ ಒಂದು ಸೀನು ಬಂದರೂ ತನ್ನಿಂದಲೇ ಬಂತೆಂದು ಜೀವ ಹಿಂಡುತ್ತದೆ. ಕಾಶವ್ವ ಎಲೆ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು.

“ಅವರು ಎಲ್ಲಿ ಅದಾರೋ ಗೊತ್ತಿಲ್ರಿ ಬಾಯಾರ. ಸೂರತ್ತಿಗಂತ ಹ್ವಾದವರು. ಭಾಳ ವರ್ಷಾತು.”

ರಂಗೂಬಾಯಿ ಅವಳ ಹಣೆ ನೋಡಿದಳು, ಬಳೆ ನೋಡಿದಳು. ಕೆಟ್ಟ ಮಾತೇನೂ ಆಡಲಿಲ್ಲ. ಹೌದೇನ್ರಿ ಎಂದಳು, ಅಷ್ಟೇ. ಎಲೆಗಳನ್ನು ಎಣಿಸಿದಳು, ತಪ್ಪಿ ಮತ್ತೆ ಎಣಿಸಿದಳು. ಒಲ್ಲೆ ಒಲ್ಲೆ ಎಂದರೂ ಬಿಡದೆ ಹಣ ಕೊಟ್ಟು, ಕಟ್ಟು ಎತ್ತಿಕೊಂಡು ಹೋದಳು. ಲಿಫ್ಟಿನ ಬಾಗಿಲು ಮುಚ್ಚುವಾಗ ಅವಳು ಈ ಕಡೆ ತಿರುಗಿ ನೋಡಲಿಲ್ಲ.

ಆದರೂ ಮರುದಿನ ಕಾಶವ್ವ ಇಳಕಲ್ಲ ಸೀರೆ ಉಟ್ಟಳು. ತಲೆಗೆ ಎಣ್ಣೆ ಹಚ್ಚಿದಳು. ಕೈಯ ಎಲೆಕರೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ಬಿಡಿಸಿದಳು. ಅದೇ ಸೀರೆಯಲ್ಲೇ ಗೋಣಿತಾಟಿನ ಮೇಲೆ ಕೂತಳು, ಕರೆದ ಕೂಡಲೇ ಏಳಲು ಬರುವಂತೆ ಒಂದು ಕಾಲು ಮಡಚಿಕೊಂಡು. ಶರ್ವರಿ ರಿಕ್ಷಾದಿಂದ ಇಳಿದು ಮೇಲೆ ಹೋದಳು. ಬೀಗರು ಬಂದರು. ತೊಟ್ಟಿಲು ಬಂತು, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು; ಮನೋಹರ ಭುಜ ಕೊಟ್ಟ. ಮೇಲಿನಿಂದ ಜೋಗುಳ ಕೇಳಿತು. ಕಾಶವ್ವ ಗಿರಾಕಿಗಳಿಗೆ ಹೂವು ಕೊಟ್ಟಳು, ಚಿಲ್ಲರೆ ಕೊಟ್ಟಳು. ಊಟದ ವಾಸನೆ ಬಂತು. ಬೀಗರು ಎಲೆಯಡಿಕೆ ಹಾಕಿಕೊಂಡು ಇಳಿದು ಹೋದರು.

ಮಧ್ಯಾಹ್ನ ತಿರುಗಿದ ಮೇಲೆ ಮನೋಹರ ಬಂದ. ಒಂದು ಕೈಯಲ್ಲಿ ಪೇಢೆಯ ಪೊಟ್ಟಣ, ಇನ್ನೊಂದರಲ್ಲಿ ವೃತ್ತಪತ್ರಿಕೆಯಲ್ಲಿ ಸುತ್ತಿದ ಚೂರಿ.

“ಮಾವಶಿ, ನಿನ್ನ ಪಿಸ್ತೂಲು ಬಿಡುಗಡಿ ಆತು. ಪೇಢೇನೂ ಕಳಿಸ್ಯಾರ. ಚೂರಿ ನಿನಗ, ಪೇಢೇದಾಗ ಅರ್ಧ ನನಗ.”

“ಕೆಳಗ ಇಡೊ,” ಎಂದಳು ಕಾಶವ್ವ. “ಕೈಯಾಗ ಕೊಡಬ್ಯಾಡ.”

ಅವನು ಇಟ್ಟ. ಯಾರು ತೆಗೆದರೆಂದು ಅವಳು ಕೇಳಲಿಲ್ಲ, ಅವನೇ ಹೇಳಿದ. ಹಿರಿಸೊಸೆ ತೆಗೆದಳಂತೆ. ತೆಗೆದ ಕೂಡಲೇ ರಂಗೂಬಾಯಿ ನಿಂಬೆಹಣ್ಣು ನಿವಾಳಿಸಿ ಅದೇ ಚೂರಿಯಿಂದ ಕೊಯ್ದು ಎಸೆದಳಂತೆ. ಹೇಳುತ್ತಾ ಹೇಳುತ್ತಾ ಅವನಿಗೆ ಅವಳ ಸೀರೆ ಕಣ್ಣಿಗೆ ಬಿತ್ತು. ಮಾತು ಅಲ್ಲಿಗೇ ಬಿಟ್ಟು, ಪೇಢೆಯನ್ನೂ ಮುಟ್ಟದೆ, ಗೇಟಿನ ಕಡೆ ಹೋದ.

ಕಾಗದ ಬಿಚ್ಚಿದರೆ ಅಲಗಿನ ಮೇಲೆ ನಿಂಬೆರಸ ಒಣಗಿ ಕಪ್ಪು ಕಲೆ ಕೂತಿತ್ತು. ಹುಳಿ ಕೊಯ್ದ ಕೂಡಲೇ ಒರೆಸದಿದ್ದರೆ ಕಬ್ಬಿಣ ಹಾಗೇ. ಒರೆಸಬೇಕೆಂದು ಅವರಿಗೆ ಯಾರು ಹೇಳಬೇಕಿತ್ತು?

ಹೊತ್ತು ಇಳಿಯುವಾಗ ಅವಳ ಫೋನು ರಿಂಗಾಯಿತು. ಸುರಭಿ. ಪಿಸುದನಿಯಲ್ಲಿ ಮಾತಾಡುತ್ತಿದ್ದಳು. ಸ್ನಾನಕ್ಕೆ ಎಬ್ಬಿಸಿಕೊಂಡು ಹೋಗಿದ್ದರಂತೆ, ಬರುವಷ್ಟರಲ್ಲಿ ದಿಂಬಿನಡಿ ಏನೂ ಇರಲಿಲ್ಲವಂತೆ. ಆಯಿಯನ್ನು ಕರೆಯಿರಿ ಎಂದರೆ, ಆಕೆಗೆ ಇವತ್ತು ವ್ಯಾಪಾರ ಬಹಳ ಎಂದರಂತೆ.

“ಆಯಿ, ಅತ್ತಿ ಮುಂದಿನ ವಾರ ವಾಕಡಕ್ಕ ಹೋಗತಾರ್ರಿ. ಅವರು ಹ್ವಾದ ಮ್ಯಾಲ ನೀವು ಬರ್ರಿ. ಯಾರಿಗೂ ಗೊತ್ತಾಗಂಗಿಲ್ಲ.”

ಆ ಕಡೆ ಕೂಸು ಅಳುವುದು ಕೇಳಿಸಿತು. ಹಸಿದ ಅಳು.

“ಕದ್ದು ಬರೂದು ಬ್ಯಾಡವ್ವ,” ಎಂದಳು ಕಾಶವ್ವ. “ನಾ ಏನು ಕದ್ದೇನಿ? ನೀ ಗಟ್ಟ್ಯಾದ ಮ್ಯಾಲ ಕೂಸಿನ್ನ ಎತಗೊಂಡು ಕೆಳಗ ಬಾ. ಬರಬೇಕನಿಸಿದ್ರ ಬಾ. ಹೆಸರೇನಿಟ್ರಿ?”

ಮಂದಾರ ಎಂದಳು ಸುರಭಿ.

ಚಲೋ ಐತಿ ಎಂದಳು ಕಾಶವ್ವ. ಕೂಸಿಗೆ ಮೊದಲು ಹಾಲು ಕೊಡು, ಅಳಿಸಬೇಡ ಎಂದು ಫೋನು ಇಟ್ಟಳು.

ಮೇಲಿನ ಕಿಟಕಿಗಳಲ್ಲಿ ಒಂದೊಂದೇ ದೀಪ ಹತ್ತತೊಡಗಿತ್ತು. ಅವಳು ಆ ಕಡೆ ನೋಡದೆ ಸೀರೆಯ ಸೆರಗನ್ನು ಸೊಂಟಕ್ಕೆ ಕಟ್ಟಿದಳು. ಉಳಿದ ಎಲೆಗಳನ್ನು ಮುಂದಕ್ಕೆ ಎಳೆದುಕೊಂಡು, ಬಿಸಿಲಿಗೆ ಬಾಡಿದ ತುದಿಗಳನ್ನು ಕಲೆ ಕೂತ ಆ ಚೂರಿಯಿಂದಲೇ ಒಂದೊಂದಾಗಿ ಕೊಯ್ದು ಪಕ್ಕಕ್ಕಿಟ್ಟಳು, ಹಾದಿಯ ದನಕ್ಕೆ. ನಳದಿಂದ ಕೊಡ ತುಂಬಿ ತಂದು ಗೋಣಿತಾಟಿನ ಮೇಲೆ ನೀರು ಚಿಮುಕಿಸಿದಳು. ಎಲೆಗಳನ್ನು ಅದರೊಳಗೆ ಸುರುಳಿ ಸುತ್ತಿ, ಹಗ್ಗ ಬಿಗಿದು, ಹೆಚ್ಚಾದ ತುದಿಯನ್ನು ಕಡಿದಳು. ಚೆಂಡುಹೂವಿನ ಬುಟ್ಟಿಗೂ ಒಂದು ಬೊಗಸೆ ನೀರು ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದಳು.