ಇನ್ನೂರ ಹನ್ನೊಂದನೇ ಡ್ರಾಯರು

ಹೆಲ್ಲೆವೋಗ್ ದ್ವೀಪದ ಕಾರ್ಖಾನೆ ದೋಣಿ ಎಂಜಿನ್ನು ಮಾಡುವುದನ್ನು ನಿಲ್ಲಿಸಿ ಇಪ್ಪತ್ತೆರಡು ವರ್ಷವಾಗಿತ್ತು. ಕುಲುಮೆ ಆರಿತ್ತು, ಲೇತುಗಳನ್ನು ಯಾರೋ ಕೊಂಡೊಯ್ದಿದ್ದರು. ಉಳಿದದ್ದು ಮಹಡಿಯ ಮೇಲಿನ ಬಿಡಿಭಾಗಗಳ ಉಗ್ರಾಣ, ಅಲ್ಲಿನ ನಾನೂರು ಮರದ ಡ್ರಾಯರುಗಳು, ಅವನ್ನು ನೋಡಿಕೊಳ್ಳುವ ಟೂರ್ಡಿಸ್. ವಯಸ್ಸು ಐವತ್ತೆಂಟು. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದಂತೆ. ಕರಾವಳಿಯ ಮೀನುಗಾರರು ಅವಳನ್ನು ಬೈದುಕೊಂಡೇ ಅವಳ ಮೆಟ್ಟಿಲು ಹತ್ತುತ್ತಿದ್ದರು.

"ಉಗುರಿನಷ್ಟು ವಾಲ್ವಿಗೆ ಆರುನೂರು ಕ್ರೋನರಾ? ಚಿನ್ನದಲ್ಲಿ ಮಾಡಿದೀರಾ ಇದನ್ನ?"

"ಚಿನ್ನ ಆಗಿದ್ರೆ ಅಗ್ಗಕ್ಕೆ ಕೊಡ್ತಿದ್ದೆ, ಅದಕ್ಕೆ ತುಕ್ಕು ಹಿಡಿಯಲ್ಲ. ಇದಕ್ಕೆ ವರ್ಷ ವರ್ಷ ಎಣ್ಣೆ ಸವರಿ, ಹೊಸ ಮೇಣದ ಕಾಗದ ಸುತ್ತಿ ಇಡಬೇಕು. ಒಂದೇ ಒಂದು ಮಾಡಿಕೊಡು ಅಂದ್ರೆ ಲೇತಿನವನು ಮುಖ ತಿರುಗಿಸ್ತಾನೆ, ಇಪ್ಪತ್ತಾದ್ರೆ ಮಾತ್ರ ಮಾಡ್ತಾನೆ. ನೀನು ಒಂದು ತಗೊಂಡು ಹೋಗ್ತೀಯ. ಮಿಕ್ಕ ಹತ್ತೊಂಬತ್ತು ಯಾರಿಗೋ ಕಾಯ್ತಾ ಇಲ್ಲೇ ಕೂತಿರ್ತವೆ. ಅವು ಕಾಯೋ ಖರ್ಚನ್ನ ಯಾರು ಕೊಡಬೇಕು, ನಿಮ್ಮಪ್ಪನಾ?"

ಗಿರಾಕಿಗಳಿಗೆ ಅವಳು ಹೇಳುತ್ತಿದ್ದದ್ದು ಇಷ್ಟೇ. ಹೇಳದೆ ಬಿಟ್ಟದ್ದು ಇನ್ನೂ ಎರಡಿದ್ದವು.

ಮೊದಲನೆಯದು ಉಗ್ರಾಣದ ಕಟ್ಟಳೆ. ಯಾವ ಭಾಗವಾದರೂ ಸರಿ, ಕೊನೆಯದನ್ನು ಮಾರುವಂತಿಲ್ಲ. ಹಿಂದೊಮ್ಮೆ ಬೆಂಕಿ ಬಿದ್ದು ಬಿಡಿಭಾಗಗಳ ಅಳತೆಯ ನಕ್ಷೆಗಳೆಲ್ಲ ಸುಟ್ಟುಹೋಗಿದ್ದವು. ಆದ್ದರಿಂದ ಕೊನೆಯದಕ್ಕೆ ಕೆಂಪು ದಾರ ಕಟ್ಟಿ ಇಡುತ್ತಿದ್ದರು. ಅದನ್ನು ಅಳೆದೇ ಮುಂದಿನ ಇಪ್ಪತ್ತು ಹುಟ್ಟಬೇಕು.

ಎರಡನೆಯದನ್ನು ಅವಳಿಗೆ ಹೇಳಿಕೊಟ್ಟವನು ಮೊದಲು ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದುಕ ಹಾಲ್ವರ್. ಅವಳು ಕೆಲಸಕ್ಕೆ ಸೇರಿದ ವಾರವೇ ಒಂದು ಡ್ರಾಯರು ಎರಡು ಬೆರಳಷ್ಟು ತೆರೆದುಕೊಂಡಿತ್ತು. ಅವಳು ನೂಕಿ ಮುಚ್ಚಿದಳು. ತಿರುಗಿ ನೋಡುವಷ್ಟರಲ್ಲಿ ಮತ್ತೆ ತೆರೆದಿತ್ತು.

"ಬಿಡಮ್ಮ, ಅದು ಮುಚ್ಚಲ್ಲ," ಎಂದ ಹಾಲ್ವರ್. "ಎಲ್ಲೋ ಒಬ್ಬನಿಗೆ ಅದು ಬೇಕಾಗಿದೆ. ಅವನಿಗಿನ್ನೂ ಗೊತ್ತಾಗಿಲ್ಲ, ಅಷ್ಟೇ. ಭಾಗ ಒರೆಸಿಟ್ಟು ಪೊಟ್ಟಣ ರೆಡಿ ಮಾಡ್ಕೋ. ಅವನ ಕೈಗೆ ಸೇರಿದ ಮೇಲೆ ಅದೇ ಮುಚ್ಕೊಳ್ಳತ್ತೆ. ಆದ್ರೆ ನೀನಾಗಿ ಯಾರಿಗೂ ಫೋನ್ ಮಾಡ್ಬೇಡ. ಅವರೇ ಕೇಳ್ಲಿ."

ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಮರುದಿನ ಮಧ್ಯಾಹ್ನ ಫೋನ್ ಬಂತು, ಅದೇ ಭಾಗ ಕೇಳಿಕೊಂಡು. ಆಮೇಲೆ ಮೂವತ್ತೊಂಬತ್ತು ವರ್ಷ ಹಾಗೆಯೇ ನಡೆಯಿತು. ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಬರಬರುತ್ತಾ ಅದೂ ಅಭ್ಯಾಸವಾಯಿತು.

ಆ ಫೆಬ್ರವರಿಯ ಒಂದು ಬೆಳಿಗ್ಗೆ ಇನ್ನೂರ ಹನ್ನೊಂದನೇ ಡ್ರಾಯರು ತೆರೆದಿತ್ತು. ಒಳಗೆ ಎಣ್ಣೆ ಪಂಪಿನ ಒಂದು ವಾಲ್ವು, ಹುಣಸೆ ಬೀಜದಷ್ಟು. ಅದು ಕೆಟ್ಟರೆ ಎಣ್ಣೆ ಹರಿಯದೆ ಎಂಜಿನ್ನು ನಡುನೀರಿನಲ್ಲೇ ಸುಟ್ಟು ನಿಂತುಹೋಗುತ್ತದೆ. ಅದಕ್ಕೆ ಕೆಂಪು ದಾರ ಕಟ್ಟಿತ್ತು. ಆ ಬಗೆಯ ಎಂಜಿನ್ನು ಇನ್ನು ಒಂದೇ ಓಡುತ್ತಿದೆ ಎಂದು ಅವಳ ಪಟ್ಟಿ ಹೇಳುತ್ತಿತ್ತು, ಮತ್ತೆ ಇಪ್ಪತ್ತು ಮಾಡಿಸುವುದು ದಂಡ ಎಂದು ಮಾಲೀಕರೂ ಕೈಬಿಟ್ಟಿದ್ದರು. ಆ ಒಂದು ಎಂಜಿನ್ನು ಇದ್ದದ್ದು ಅವಳ ಗಂಡ ಆಂಫಿನ್‌ನ ದೋಣಿಯಲ್ಲಿ.

ಅವನ ವಾಲ್ವೇ ಕೆಡಲಿದೆ ಎಂದುಕೊಂಡಳು. ವಾಲ್ವನ್ನು ಜೇಬಿಗೆ ಹಾಕಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಳು. ಆಂಫಿನ್ ಉಪ್ಪುಮೀನು, ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದ. ಸಂಜೆ ಹೊರಟು ಎರಡು ದಿನ ಹೆರಿಂಗ್ ಮೀನು ಹಿಡಿಯಲು ಹೋಗುವವನು.

"ಪಂಪಿನ ವಾಲ್ವು ಹೇಗಿದೆ?" ಎಂದಳು.

"ಹಳೇದು ಹೋಯ್ತು. ಒಂದು ಬೋಲ್ಟು ಅರದಿಂದ ಉಜ್ಜಿ ನಾನೇ ಮಾಡಿ ಹಾಕಿದೀನಿ. ಹದಿನೈದು ದಿನ ಆಯ್ತು, ರಾಜನ ಹಾಗೆ ಓಡ್ತಿದೆ."

"ನನಗೆ ಒಂದು ಮಾತು ಹೇಳ್ಬಾರ್ದಾ?"

"ಹೇಳಿದ್ರೆ ಆರುನೂರು ಕೇಳ್ತಿದ್ದೆ. ಗಂಡ ಅಂತ ಒಂದು ಕಾಸು ಬಿಡೋಳಲ್ಲ ನೀನು."

ಅವಳು ಜೇಬಿನಿಂದ ವಾಲ್ವು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟಳು. ಆಂಫಿನ್ ಕೆಂಪು ದಾರ ನೋಡಿ ನಕ್ಕ. "ಕೊನೇದು ಅಲ್ವಾ ಇದು? ಊರಿಗೆಲ್ಲ ಕಟ್ಟಳೆ ಹೇಳೋಳು ಮನೆಗೇ ಕದ್ದು ತಂದ್ಯಾ? ಎತ್ತಿಡು ಮಾರಾಯ್ತಿ," ಎಂದು ಹೇಳಿ ಎಂದಿನಂತೆ ಒಂದು ಗಂಟೆಯ ನಿದ್ದೆಗೆ ಹೋದ.

ಅವನು ಗೊರಕೆ ಹೊಡೆಯುತ್ತಿದ್ದಾಗ ಟೂರ್ಡಿಸ್ ದೋಣಿ ಕಟ್ಟುವ ಕಟ್ಟೆಗೆ ಹೋಗಿ ಅವನ ದೋಣಿಯೊಳಗೆ ಇಳಿದಳು. ಪಂಪು ಬಿಚ್ಚಿ, ದಾರ ಕತ್ತರಿಸಿ, ಕೊನೆಯ ವಾಲ್ವನ್ನು ಕೂರಿಸಿದಳು. ಗಂಡ ಮಾಡಿದ್ದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅದರ ಅಂಚು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಸರಿಯಾದ ಹೊತ್ತಿಗೆ ಬಂದೆ ಎಂದು ಸಮಾಧಾನಪಟ್ಟುಕೊಂಡಳು. ಸಂಜೆ ಆಂಫಿನ್ ಏನೂ ತಿಳಿಯದೆ ಹೊರಟುಹೋದ.

ಮರುದಿನ ಉಗ್ರಾಣದ ಬಾಗಿಲು ತೆಗೆದಾಗ ಇನ್ನೂರ ಹನ್ನೊಂದು ಇನ್ನೂ ತೆರೆದೇ ಇತ್ತು. ಖಾಲಿ ಡ್ರಾಯರು. ಅವಳು ನೂಕಿದಳು. ಅದು ನಿಧಾನವಾಗಿ ಹೊರಗೆ ಬಂತು. ಇನ್ನೊಮ್ಮೆ ಬಲವಾಗಿ ನೂಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಹಿಂದಿನಿಂದ ಯಾರೋ ಮೆಲ್ಲಗೆ ಸರಿಸುವಂತೆ ಅದು ಅವಳನ್ನು ಮುಂದಕ್ಕೆ ತಳ್ಳಿತು. ಆಗ ಫೋನ್ ಬಡಿದುಕೊಂಡಿತು.

"ಟೂರ್ಡಿಸಕ್ಕ, ನಾನು ಐಲಿಫ್, ಉತ್ತರ ಕಡೆಯ ದ್ವೀಪದವನು. ಹೋದ ವರ್ಷ ಒಂದು ಕೊಟ್ಟಿಗೇಲಿ ಬಿದ್ದಿದ್ದ ನಿಮ್ಮ ಕಾರ್ಖಾನೆ ಎಂಜಿನ್ನು, ಆಂಫಿನಣ್ಣನ ದೋಣೀಲಿರೋ ಥರದ್ದೇ, ತಂದು ರಿಪೇರಿ ಮಾಡ್ಕೊಂಡಿದ್ದೆ. ಪಂಪಿನ ವಾಲ್ವು ಹೋಗಿದೆ. ಇದೆಯಾ?"

"ಇಲ್ಲ. ಗುರುವಾರದವರೆಗೆ ಕಾಯಿ, ಐಲಿಫ್. ಆಂಫಿನ್ ಬಂದ ಕೂಡಲೇ ಬಿಚ್ಚಿ ಕೊಡ್ತೀನಿ. ದುಡ್ಡು ಬೇಡ."

"ಕಾಯೋಕಾಗಲ್ಲ ಅಕ್ಕ. ನಿನ್ನೆ ಹಾಕಿದ ಬಲೆ ನೀರಲ್ಲೇ ಇದೆ, ಸಂಜೆಗೆ ಬಿರುಗಾಳಿ ಅಂತಿದಾರೆ. ಇರಲಿ ಬಿಡಿ, ನಾನೂ ಬೋಲ್ಟಿಂದ ಒಂದು ಉಜ್ಜಿಟ್ಟಿದೀನಿ. ಬೆಳಿಗ್ಗೆ ಆಂಫಿನಣ್ಣ ದೋಣಿ ರೇಡಿಯೋದಲ್ಲಿ ಹೇಳ್ತಿದ್ರು, ಅವರು ಮಾಡಿದ್ದು ಇವತ್ತು ಎಂದಿಗಿಂತ ಚೆನ್ನಾಗಿ ಓಡ್ತಿದೆಯಂತೆ."

"ಅದು ಅವನು ಮಾಡಿದ್ದಲ್ಲ. ನಿನ್ನೆ ನಾನೇ ಹೋಗಿ ಬದಲಾಯಿಸಿದೆ. ಅವನದು ಬಿರುಕು ಬಿಟ್ಟಿತ್ತು. ದಯವಿಟ್ಟು ಹೋಗ್ಬೇಡ."

ಐಲಿಫ್ ನಕ್ಕ. "ಅಂಗಡಿಯವರು ಹಾಗೆ ಹೇಳದೆ ಇನ್ನೇನು ಹೇಳ್ತಾರೆ ಅಕ್ಕ," ಎಂದು ಫೋನ್ ಇಟ್ಟ.

ಮತ್ತೆ ಮತ್ತೆ ಮಾಡಿದಳು, ಯಾರೂ ಎತ್ತಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅವನ ಹೆಂಡತಿ ಯೊರುನ್ ಎತ್ತಿದಳು. ಕಟ್ಟೆಗೆ ಹೋಗಿ ಈಗಷ್ಟೇ ಬಂದಳಂತೆ. "ಹೊರಟಾಯ್ತಲ್ಲ. ಎಂಜಿನ್ ಸದ್ದು ಇಲ್ಲಿಗೇ ಕೇಳ್ತಿದೆ. ತಾಳಿ, ಕಿಟಕಿ ತೆಗೀತೀನಿ, ನೀವೂ ಕೇಳಿ." ಅಲ್ಲಿನ ಹೆಂಗಸರು ಗಂಡಂದಿರ ದೋಣಿಯನ್ನು ಸದ್ದಿನಿಂದಲೇ ಗುರುತಿಸುವವರು. ಯೊರುನ್‌ಗೆ ಅದರ ಹೆಮ್ಮೆ ಇತ್ತು.

ಫೋನಿನಲ್ಲಿ ಗಾಳಿಯ ಸದ್ದು, ಅದರ ಹಿಂದೆ ಡುಕ್, ಡುಕ್, ಡುಕ್. ಟೂರ್ಡಿಸ್ ಅದನ್ನು ಕೇಳುತ್ತಾ ಎದುರಿನ ಗೋಡೆ ನೋಡುತ್ತಿದ್ದಳು. ಇನ್ನೂರ ಹನ್ನೊಂದನೇ ಡ್ರಾಯರು ತಾನಾಗಿಯೇ ಒಳಕ್ಕೆ ಸರಿಯತೊಡಗಿತು. ಯಾರ ಕೈಗೂ ಏನೂ ಸೇರಿರಲಿಲ್ಲ. ಕೊನೆಗೆ ಮರಕ್ಕೆ ಮರ ತಾಗಿದ ಸಣ್ಣ ಸದ್ದಾಯಿತು. ಇನ್ನು ಆ ಭಾಗ ಯಾರಿಗೂ ಬೇಕಾಗಿರಲಿಲ್ಲ. ಫೋನಿನಲ್ಲಿ ಈಗ ಬರೀ ಗಾಳಿ ಇತ್ತು.

"ಬಲೆ ಎತ್ತೋಕೆ ನಿಲ್ಲಿಸಿರ್ಬೇಕು," ಎಂದಳು ಯೊರುನ್.

ಟೂರ್ಡಿಸ್ ಫೋನ್ ಇಟ್ಟು ರಕ್ಷಣಾ ದೋಣಿಯವರ ನಂಬರ್ ತಿರುಗಿಸಿದಳು. ಐಲಿಫ್‌ನ ದೋಣಿ ನಿಂತಿದೆ, ಕೂಡಲೇ ಹೋಗಿ ಎಂದಳು. ಅತ್ತ ಕಡೆಯವನು ದೋಣಿಯ ಹೆಸರು ಬರೆದುಕೊಂಡು, ನಿಮಗೆ ಇದು ಹೇಗೆ ಗೊತ್ತಾಯ್ತು ಎಂದು ಕೇಳಿದ.

"ಅವನಿಗೆ ಅಂತ ಇದ್ದದ್ದನ್ನ ನನ್ನ ಗಂಡನ ದೋಣಿಗೆ ಹಾಕ್ಬಿಟ್ಟೆ," ಎಂದಳು.