ಒದೆಯದೆ ಸುಮ್ಮನಿದ್ದ ಹೇಂಟೆ

ಆ ಕೋಳಿ ನನ್ನದು. ಹೊಳಲ್ಕೆರೆಯ ನಮ್ಮ ಓಣಿಯ ಕೋಳಿಗಳನ್ನೆಲ್ಲ ಕೊಂದ ರೋಗ ಬಂದದ್ದು ನನ್ನ ಕೋಳಿಯಿಂದ. ಅದನ್ನು ಆರಿಸಿ ತಂದವನು ನಾನು. ನಾಲ್ಕು ಜನರೆದುರು ಕೇಳಿದಾಗ ನನ್ನದಲ್ಲ ಎಂದವನೂ ನಾನು. ಬೈಗುಳ ತಿಂದು ಊರು ಬಿಟ್ಟದ್ದು ಮಾತ್ರ ಪಕ್ಕದ ಮನೆಯ ಬೂಬಮ್ಮ.

ಇದನ್ನು ಹಿಂದೆ ಎರಡು ಸಲ ಬರೆದು ಹರಿದಿದ್ದೇನೆ. ಒಂದರಲ್ಲಿ ಸಂತೆಯ ದಿನ ಮೋಡ ಕವಿದಿತ್ತು, ನನಗೆ ಕೋಳಿ ಸರಿಯಾಗಿ ಕಾಣಲಿಲ್ಲ. ಇನ್ನೊಂದರಲ್ಲಿ ಮಾರಿದವನು ನನಗೆ ಮೋಸ ಮಾಡಿದ್ದ. ಮೋಡ ಇತ್ತೋ ಇಲ್ಲವೋ ನೆನಪಿಲ್ಲ — ಮೋಸವಂತೂ ಇರಲಿಲ್ಲ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ಈ ಸಲ ಅದು ಹೇಳಿದ್ದರಲ್ಲಿ ನನಗೆ ವಿರುದ್ಧವಾಗಿರುವುದನ್ನು ಮಾತ್ರ ಬರೆಯುತ್ತಿದ್ದೇನೆ.

ನಾನು ಆಗ ಸರ್ಕಾರಿ ಶಾಲೆಯ ಮೇಷ್ಟ್ರು. ನಮ್ಮದು ಲಿಂಗವಂತರ ಮನೆ. ಕೋಳಿ ಹಿತ್ತಲಿಗೆ ನುಗ್ಗಿದರೂ ನೀರು ಚಿಮುಕಿಸುವವರು. ಹೀಗಿರುವಾಗ ಮಗಳು ಗೌರಿಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೂ ಮಗು ಏಳಲಿಲ್ಲ. ನಾಲ್ಕು ವರ್ಷದ ಕೂಸು, ಅಕ್ಕಿ ಗಂಜಿಯನ್ನೂ ತುಟಿಯಿಂದ ಹೊರಗೆ ತಳ್ಳುತ್ತಿತ್ತು. ಆಸ್ಪತ್ರೆಯ ಡಾಕ್ಟರು ನನ್ನ ಹಣೆಯ ವಿಭೂತಿ ನೋಡಿ ಸ್ವಲ್ಪ ತಡೆದು, ದನಿ ತಗ್ಗಿಸಿ, "ಹಾಲಿಗೆ ಮೊಟ್ಟೆ ಕದಡಿ ಕುಡಿಸಿ" ಎಂದರು.

ಹಿತ್ತಲ ಪಕ್ಕದ ಗೋಡೆಯ ಆಚೆ ಬೂಬಮ್ಮನ ಮನೆ, ಓಣಿಯಲ್ಲಿ ನಮ್ಮ ಪಕ್ಕದ್ದೇ ಬಾಗಿಲು. ಗಂಡ ಹಾಸಿಗೆಯ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ ಎಕ್ಕುತ್ತಿದ್ದವನು, ತೀರಿಹೋಗಿದ್ದ. ಅವನ ಎಕ್ಕುವ ಬಿಲ್ಲು ಇನ್ನೂ ಗೋಡೆಗೆ ತೂಗಾಡುತ್ತಿತ್ತು. ಆಕೆಯ ಹೇಂಟೆಗಳು ಕಾವಿಗೆ ಹೆಸರಾದವು. ಓಣಿಯವರು ಮೊಟ್ಟೆ ತಂದುಕೊಟ್ಟು ಕಾವಿಗೆ ಕೂರಿಸುತ್ತಿದ್ದರು. ಮರಿಯಾದರೆ ಅರ್ಧ ಅವರಿಗೆ, ಅರ್ಧ ಈಕೆಗೆ. ಆಕೆಯ ಬದುಕು ಅದೇ. ನಾನು ಗೋಡೆಯ ಬಳಿ ನಿಂತು ತಡವರಿಸುತ್ತ ವಿಷಯ ಹೇಳಿದಾಗ ಆಕೆ ನಗಲಿಲ್ಲ.

"ದಿನಾ ಒಂದು ಮೊಟ್ಟೆ ಅಂದ್ರೆ ನಿಮ್ದೇ ಒಂದು ಹೇಂಟೆ ಇರ್ಲಿ ಮೇಷ್ಟ್ರೆ. ನಮ್ಮ ಗೂಡಲ್ಲಿ ಬಿಡ್ರಿ, ಯಾರಿಗೂ ಗೊತ್ತಾಗಲ್ಲ. ಮಗೂನೂ ಗ್ವಾಡೆ ಮ್ಯಾಲೆ ಕುಂತು ನೋಡ್ಲಿ. ನಮ್ಮ ಕೋಳಿ ನೋಡಿದ್ರೆ ನಿಮ್ಮ ಕೂಸು ನಗ್ತೈತೆ, ನೀವು ಕಂಡಿಲ್ಲ."

ನಾನು ಕಂಡಿರಲಿಲ್ಲ.

ಎಂಥದ್ದನ್ನು ತರಬೇಕು ಎಂದು ಆಕೆಯೇ ಹೇಳಿಕೊಟ್ಟಳು. ಕಾಳಗದ ಜಾತಿ ಬೇಡ, ಮಕ್ಕಳ ಕಣ್ಣಿಗೇ ಕುಕ್ಕುತ್ತದೆ. ಬೋಳುಕತ್ತಿನದು ಸಾಧುವೇ, ಆದರೆ ಮಗು ಹೆದರೀತು. ಗಿಡ್ಡ ಕಾಲಿನದು ಸಿಕ್ಕರೆ ಒಳ್ಳೆಯದು — ದೂರ ಅಲೆಯುವುದಿಲ್ಲ, ಮನುಷ್ಯರ ಕಾಲ ಬಳಿಯೇ ಇರುತ್ತದೆ. ಕೊನೆಗೆ ತನ್ನದೊಂದು ಕೆಂಚು ಹೇಂಟೆಯನ್ನು ಎತ್ತಿ ನನ್ನ ತೋಳಿಗೆ ಕೊಟ್ಟಳು. ಜೀವಮಾನದಲ್ಲಿ ನಾನು ಮುಟ್ಟಿದ ಮೊದಲ ಕೋಳಿ. ಅದು ನನ್ನ ಎದೆಗೆ ಕಾಲು ಕೊಟ್ಟು ಒದೆಯಿತು.

"ಹಂಗೇ ಇರ್ಬೇಕು. ಮೊದ್ಲು ಒದೀಬೇಕು, ಆಮ್ಯಾಲೆ ಸುಮ್ಮನಾಗ್ಬೇಕು. ಅದು ಸಾಧು. ಒದೀದೇನೆ ಸುಮ್ಮನಿರೋದನ್ನ ಮಾತ್ರ ತರಬ್ಯಾಡ್ರಿ."

ತಾಳ್ಯದ ಸಂತೆಗೆ ಹೋದೆ. ಅಲ್ಲಿ ಪರಿಚಯದವರು ಕಡಿಮೆ. ಗಿಡ್ಡ ಕಾಲಿನದೂ ಇತ್ತು. ಎತ್ತಿಕೊಂಡೆ. ಒದೆಯಿತು, ಕೂಗಿತು, ಸುತ್ತಲಿನವರು ತಿರುಗಿ ನೋಡಿದರು. ನಮ್ಮೂರಿನ ಇಬ್ಬರು ಹಿರಿಯರು, ಮಠಕ್ಕೆ ನಡೆದುಕೊಳ್ಳುವವರು, ಜವಳಿ ಅಂಗಡಿಯ ಮುಂದೆ ನಿಂತಿದ್ದರು. ಮರಳುವಾಗ ನಾನು ಹತ್ತಬೇಕಾದದ್ದು ಅವರ ಗಾಡಿಯನ್ನೇ. ಕೋಳಿಯನ್ನು ಕೆಳಗಿಟ್ಟೆ.

ಮೂಲೆಯ ಮಂಕರಿಯಲ್ಲಿ ಒಂದು ಬೂದು ಹೇಂಟೆ ಕುಳಿತಿತ್ತು. ಎತ್ತಿದೆ. ಒದೆಯಲಿಲ್ಲ. ಎದೆಗೆ ಒರಗಿ ಕಣ್ಣು ಮುಚ್ಚಿತು. ಎಷ್ಟು ಮೆತ್ತಗೆ — ಜ್ವರದಲ್ಲಿ ಗೌರಿ ಹೀಗೆಯೇ ನನ್ನ ಭುಜದ ಮೇಲೆ — ಇಲ್ಲ, ಈ ಹೋಲಿಕೆ ಆಮೇಲೆ ಹುಟ್ಟಿದ್ದು. ಆ ಹೊತ್ತು ನಾನು ಯೋಚಿಸಿದ್ದು ಒಂದೇ: ಇದು ಗಾಡಿಯಲ್ಲಿ ಕೂಗುವುದಿಲ್ಲ.

ಕೂಗಲಿಲ್ಲ. ಪುಸ್ತಕದ ಚೀಲದಲ್ಲಿ, ಹಿರಿಯರಿಬ್ಬರ ನಡುವೆ, ದಾರಿಯುದ್ದಕ್ಕೂ ಅದು ಸುಮ್ಮನಿತ್ತು. ಅವರು ಪುರಾಣದ ಮಾತಾಡುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಚೀಲದ ಬಾಯಿಂದ ನನ್ನ ಧೋತರದ ಮೇಲೆ ಅದರ ಕೊಕ್ಕಿನ ಲೋಳೆ ಇಳಿಯುತ್ತಿತ್ತು. ಅದಕ್ಕೆ ರೋಗವೆಂದು ನನಗೆ ಗೊತ್ತಾಯಿತೇ? ವರ್ಷಗಟ್ಟಲೆ ಈ ಪ್ರಶ್ನೆಯನ್ನು ತಿರುವಿ ಹಾಕಿದ್ದೇನೆ. ಗೊತ್ತಾಯಿತು ಎಂದೇ ಬರೆಯುತ್ತೇನೆ. ಏಕೆಂದರೆ ಬೂಬಮ್ಮನ ಕೈಗೆ ಕೊಡುವ ಮೊದಲು ಅದರ ಕೊಕ್ಕನ್ನು ಉತ್ತರೀಯದ ಅಂಚಿನಿಂದ ಒರೆಸಿದೆ. ತಿಳಿಯದವನು ಒರೆಸುವುದಿಲ್ಲ.

ಆಕೆಗೆ ಆಗಲೇ ಕಣ್ಣು ಮಂಜು. ಬೆರಳಿನಿಂದ ಅದರ ಎದೆಮೂಳೆ ತಡವಿದಳು.

"ಒದೀತಾ ಮೇಷ್ಟ್ರೆ?"

"ಒದೀತು."

"ಗಾಡೀಲಿ ಸುಸ್ತಾಗೈತೆ ಬಿಡ್ರಿ" ಎಂದು ಗಂಡ ಬಿಟ್ಟುಹೋದ ಹತ್ತಿ ಹಾಸಿ ತನ್ನ ಹೇಂಟೆಗಳ ನಡುವೆಯೇ ಅದಕ್ಕೆ ಜಾಗ ಮಾಡಿದಳು. ಅದು ಒಂದು ಮೊಟ್ಟೆಯನ್ನೂ ಇಡಲಿಲ್ಲ. ಮೂರನೆಯ ದಿನ ಸತ್ತಿತು. ಆಮೇಲೆ ಆಕೆಯ ಕೋಳಿಗಳು ಕತ್ತು ತಿರುಚಿಕೊಂಡು ಬಿದ್ದವು. ಕಾವಿಗೆ ಕೂತ ಕೆಂಚು ಹೇಂಟೆ ಮೊಟ್ಟೆಗಳ ಮೇಲೆಯೇ ಸತ್ತಿತ್ತು. ನಂತರ ಅಕ್ಕಪಕ್ಕದ ಮನೆಗಳವು. ಎದುರು ಮನೆಯ ತಿಪ್ಪಣ್ಣ ಮಾರಮ್ಮನ ಹರಕೆಗೆಂದು ವರ್ಷವಿಡೀ ಸಾಕಿದ್ದ ಹುಂಜವೂ ಹೋಯಿತು.

ಹುಂಜ ಸತ್ತ ಬೆಳಿಗ್ಗೆ ಓಣಿಯವರು ಬೂಬಮ್ಮನ ಬಾಗಿಲಿಗೆ ಬಂದರು. ನಾನು ಜಗಲಿಯ ಮೇಲೆ ಕುಳಿತಿದ್ದೆ. ತಿಪ್ಪಣ್ಣ ಸತ್ತ ಹುಂಜವನ್ನು ಆಕೆಯ ಹೊಸ್ತಿಲಲ್ಲಿ ಇಟ್ಟ.

"ನಿನ್ನ ಗೂಡಲ್ಲಿ ಒಂದು ಬೂದು ಕೋಳಿ ಬಂದಿತ್ತಂತೆ. ಯಾರ್ದು ಅದು?"

ಬೂಬಮ್ಮನ ಮುಖ ನನ್ನ ಜಗಲಿಯ ಕಡೆ ತಿರುಗಿತು. ಆ ಮಂಜುಗಣ್ಣಿಗೆ ನಾನು ಕಾಣುತ್ತಿದ್ದೆನೋ ಇಲ್ಲವೋ. ಎಲ್ಲರೂ ನನ್ನನ್ನು ನೋಡಿದರು. ಆಗ ನಾನು, ಮನೆಯಲ್ಲಿ ಓಣಿಯ ಮಾತನ್ನೇ ಆಡುವವನು, ಶಾಲೆಯಲ್ಲಿ ಪಾಠ ಹೇಳುವ ದನಿ ತಂದುಕೊಂಡು ಹೇಳಿದೆ:

"ನನ್ನನ್ನೇಕೆ ನೋಡುತ್ತೀರಿ? ನಮ್ಮ ಮನೆಗೂ ಕೋಳಿಗೂ ಏನು ಸಂಬಂಧ?"

ಯಾರೋ ನಕ್ಕರು. "ಮೇಷ್ಟ್ರು ಕೋಳಿ ಸಾಕಿದ್ರೆ ಹುಂಜಾನೂ ಲಿಂಗ ಕಟ್ಕಂತೈತೆ ಬಿಡ್ರಲೇ." ಆ ನಗುವಿನೊಳಗೆ ಬೂಬಮ್ಮನ ದನಿ ಕೇಳಿತು.

"ನಾನೇ ತಂದಿದ್ದು. ಯಾರ್ದೂ ಅಲ್ಲ."

ಆಮೇಲೆ ಆಕೆಯ ಮನೆಗೆ ಯಾರೂ ಮೊಟ್ಟೆ ಒಯ್ಯಲಿಲ್ಲ. ಎರಡು ತಿಂಗಳಾದ ಮೇಲೆ ಧರ್ಮಪುರದ ತಂಗಿಯ ಮನೆಗೆ ಹೊರಟಳು. ಬಿಲ್ಲನ್ನು ಗಾಡಿಗೆ ಕಟ್ಟುವಾಗ ನಾನು ಒಳಗಿದ್ದೆ. ಬಾಗಿಲು ಹಾಕಿಕೊಂಡಿದ್ದೆ. ಗೌರಿ ನಿಧಾನವಾಗಿ ಚೇತರಿಸಿಕೊಂಡಳು, ಮೊಟ್ಟೆಯಿಲ್ಲದೆಯೇ. ಮೊಟ್ಟೆಯಿಂದ ಉಳಿದಳು ಎಂದಾದರೂ ಬರೆಯುವಂತಿದ್ದರೆ —

ಹದಿನಾಲ್ಕು ವರ್ಷದ ಮೇಲೆ ಶಾಲೆಯ ಕೆಲಸಕ್ಕೆ ಧರ್ಮಪುರಕ್ಕೆ ಹೋದೆ. ಕೇಳದೆಯೇ ಬೂಬಮ್ಮನ ಮನೆ ಸಿಕ್ಕಿತು. ಬಾಗಿಲ ಬಳಿ ಬಿಲ್ಲು ತೂಗುತ್ತಿತ್ತು. ಅಂಗಳದಲ್ಲಿ ಕೋಳಿಗಳ ನಡುವೆ ಕುಳಿತಿದ್ದಳು. ಕಣ್ಣು ಪೂರ್ತಿ ಹೋಗಿತ್ತು.

"ಯಾರು?"

ನಿಜ ಹೇಳಲೆಂದೇ ಆ ಬಾಗಿಲಿಗೆ ಹೋಗಿದ್ದೆ. "ಒಂದು ಕೋಳಿ ಬೇಕಿತ್ತು" ಎಂದೆ.

"ಮೊದಲ ಸಲಾನಾ ಸಾಕೋದು?"

"ಹ್ಞೂಂ."

ಒಂದನ್ನು ಹುಡುಕಿ ಹಿಡಿದು ನನ್ನ ಎದೆಗೆ ಕೊಟ್ಟಳು. "ಒದೀತಾ?"

"ಒದೀತು" ಎಂದೆ. ಅದು ನಿಜವಾಗಿಯೂ ಒದೆದಿತ್ತು. ಅದೇ ಒಂದು ಮಾತು, ಅದೇ ಇಬ್ಬರ ನಡುವೆ. ಈ ಸಲ ನಿಜ, ಆದರೂ ಅದರ ಹಿಂದೆ ನಾನು ಅಡಗಿಯೇ ಇದ್ದೆ. ಹೊರಡುವಾಗ ಬೆನ್ನ ಹಿಂದೆ ಆಕೆ ಕೇಳಿದಳು: "ಕೂಸು ನಗ್ತೈತಾ ಈಗ?" ನಾನು ಕೂಸಿನ ಮಾತೇ ಎತ್ತಿರಲಿಲ್ಲ. ಹಾಗೆ ಕೇಳಿದಳೋ, ಇದನ್ನೂ ನಾನೇ ಸೇರಿಸಿಕೊಂಡೆನೋ — ತಿಳಿಯದು. ತಿರುಗಿ ನೋಡಲಿಲ್ಲ. ಮುಂದಿನ ವರ್ಷ ಆಕೆ ತೀರಿಕೊಂಡ ಸುದ್ದಿ ಬಂತು.

ಆ ಹೇಂಟೆ ಈಗ ನಮ್ಮ ಮನೆಯ ಮುಂದೆ ತಿರುಗುತ್ತದೆ. ಹಿತ್ತಲಲ್ಲಲ್ಲ, ಮುಂದೆ. ನೆಂಟರು ನಮ್ಮಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾರೆ. ಇದು ಪ್ರಾಯಶ್ಚಿತ್ತ ಎಂದು ಬರೆದಿದ್ದೆ, ಗೀಟು ಎಳೆದು ಹಾಕಿದೆ.

ಮೊನ್ನೆ ತಿಪ್ಪಣ್ಣ ಕೋಲೂರಿಕೊಂಡು ಬಂದ. ಜಗಲಿಯ ಕೆಳಗೆ ನಿಂತು ನೋಡಿದ.

"ಯಾರ್ದು ಮೇಷ್ಟ್ರೆ ಈ ಕೋಳಿ?"

"ನಂದು" ಎಂದೆ. "ಆವತ್ತಿನ ಬೂದು ಕೋಳೀನೂ ನಂದೇ, ತಿಪ್ಪಣ್ಣ. ಬೂಬಮ್ಮಂದಲ್ಲ."

ಅವನು ಬೂಬಮ್ಮ ಇದ್ದ ಮನೆಯ ಕಡೆ ತಿರುಗಿದ.

"ನಾನು ಹುಂಜ ಇಟ್ಟಿದ್ದು ಆಯಮ್ಮನ ಹೊಸ್ತಿಲಿಗೆ" ಎಂದ. ಕೋಲೂರಿಕೊಂಡು ಹೊರಟುಹೋದ.