ಹಗ್ಗ ಮುಟ್ಟದ ದೂರ

ಎರಡು ವರ್ಷದ ಹಿಂದೆ, ಓಣಂ ರಜೆಯ ಆಸುಪಾಸಿನಲ್ಲಿ ನಡೆದ ಘಟನೆ ಇದು. ನಾನು ಮಂಡ್ಯ ಕಡೆಯವನು. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ತಾಂತ್ರಿಕ ಸಿಬ್ಬಂದಿ. ಮನೆ ಕಳಕ್ಕೂಟಂನಲ್ಲಿ. ನನ್ನ ಅಕ್ಕ ಸುಧಾ ಮತ್ತು ಭಾವ ಆಗ ಕೊಚ್ಚಿಯಲ್ಲಿದ್ದರು. ಭಾವ ಬ್ಯಾಂಕ್ ಅಧಿಕಾರಿ, ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ಇಡೀ ಕೇರಳದಲ್ಲಿ ನಮ್ಮವರು ಅಂತ ಇದ್ದದ್ದು ಈ ಎರಡು ಮನೆ. ತಿಂಗಳಿಗೊಮ್ಮೆ ಅವರು ಇಲ್ಲಿಗೆ ಬರುವುದೋ ನಾನು ರೈಲು ಹತ್ತಿ ಅಲ್ಲಿಗೆ ಹೋಗುವುದೋ ನಡೆದೇ ಇತ್ತು.

ಗಾಳ ಹಾಕುವ ಹುಚ್ಚು ನನಗೂ ಭಾವನಿಗೂ ಚಿಕ್ಕಂದಿನದು. ಆದರೆ ನಾಲೆಯ ಏರಿಯ ಮೇಲೆ ಕೂತು ಬಿದಿರುಕಡ್ಡಿ ಹಿಡಿಯುವುದೇ ಬೇರೆ, ಸಮುದ್ರವೇ ಬೇರೆ. ಇಲ್ಲಿ ಎರೆಹುಳ ಇಲ್ಲ. ಪುಟ್ಟ ಮೀನಿನ ಆಕಾರದ ಲೋಹದ ತುಂಡನ್ನು ದಾರದ ತುದಿಗೆ ಕಟ್ಟಿ ದೂರಕ್ಕೆ ಎಸೆಯಬೇಕು. ಆಮೇಲೆ ಕೋಲಿನ ಮೇಲೆ ದಾರ ಸುತ್ತಿಟ್ಟ ರೀಲು ತಿರುಗಿಸುತ್ತ, ಜೀವವಿರುವ ಮೀನು ಹೆದರಿ ಓಡುತ್ತಿದೆ ಎನ್ನುವಂತೆ ಅದನ್ನು ನೀರಿನಲ್ಲಿ ಓಡಿಸಬೇಕು. ಆ ತುಂಡಿಗೆ ಲ್ಯೂರ್ ಎನ್ನುತ್ತಾರೆ. ರಕ್ತದೊತ್ತಡ ಬಂದ ಮೇಲೆ ಡಾಕ್ಟರು ನನಗೆ ಮನೆಯಿಂದ ಹೊರಗೆ ಓಡಾಡಿ ಎಂದಿದ್ದರು. ಸಹೋದ್ಯೋಗಿಯೊಬ್ಬರು ಇದನ್ನು ಕಲಿಸಿದರು. ಒಂದು ವರ್ಷ ಅವರ ಗಾಳದ ಕೋಲಿನಲ್ಲೇ ಕಾಲ ಕಳೆದು, ಕೊನೆಗೆ ನನ್ನದೇ ಒಂದು ಕೊಳ್ಳೋಣ ಎಂದು ಆ ರಜೆಯಲ್ಲಿ ಕೊಚ್ಚಿಗೆ ಹೋದೆ. ಭಾವನೂ "ನಂಗೂ ಒಂದು ಇರ್ಲಿ ಕಣೋ ಮಂಜು" ಎಂದು ಹೊರಟರು.

ಅಂಗಡಿ ಇದ್ದದ್ದು ಫೋರ್ಟ್ ಕೊಚ್ಚಿಯ ಒಂದು ಓಣಿಯಲ್ಲಿ. ಮಾಲೀಕರಿಗೆ ಅರವತ್ತೈದು ದಾಟಿರಬೇಕು. ಎಲ್ಲರೂ ಅವರನ್ನು ಆಂಟಣಿ ಚೇಟ್ಟನ್, ಅಂದರೆ ಆಂಟಣಿ ಅಣ್ಣ, ಎಂದು ಕರೆಯುತ್ತಿದ್ದರು. ನನಗೆ ಮಲಯಾಳಂ ಚೆನ್ನಾಗಿ ಬರುತ್ತದೆ. ಅವರಾಡಿದ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಯಾವ ಮೀನು ಬೇಕು ಅಂತ ಆಮೇಲೆ ಹೇಳಿ ಸಾರೇ. ಎಲ್ಲಿ ನಿಂತು ಎಸೀತೀರ?" ಎಂದರು.

"ದಡದಿಂದ. ಕಲ್ಲಿನ ಒಡ್ಡಿನ ಮೇಲಿಂದ."

"ಎಸೆಯೋದು ಏನನ್ನ? ತೋರಿಸಿ."

ನಾನು ಚೀಲದಿಂದ ಪುಟ್ಟ ಡಬ್ಬಿ ತೆಗೆದೆ. ಅವರು ಒಂದೊಂದೇ ಲ್ಯೂರನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಹದಿನೈದು ಗ್ರಾಂನಿಂದ ಮೂವತ್ತು ಗ್ರಾಂ ಒಳಗಿನವು. ಒಳಗೆ ಹೋಗಿ ಏಳು ಅಡಿಯ ಒಂದು ಕೋಲು ತಂದರು. ಮಧ್ಯಮ ತೂಕದ್ದು, ಹಿಡಿಯ ಕೆಳಗೆ ತೋರುಬೆರಳಿಗೆಂದೇ ಒಂದು ಕೊಂಡಿ. ತುದಿಯನ್ನು ಮಾಡಿನ ತೊಲೆಗೆ ಒತ್ತಿ ಹಿಡಿದು ಬಗ್ಗಿಸಲು ಹೇಳಿದರು. ಮೇಲಿನ ಭಾಗ ಬಿಲ್ಲಿನಂತೆ ಬಾಗಿತು. ಕೆಳಗಿನದು ಅಲುಗಲಿಲ್ಲ.

"ನೋಡಿ, ಎಸೆಯೋದು ನಿಮ್ಮ ತೋಳಲ್ಲ, ಈ ತುದಿ. ಲ್ಯೂರ್ ತೂಕಕ್ಕೆ ಅದು ಬಾಗಬೇಕು, ಬಾಗಿ ಚಿಮ್ಮಬೇಕು. ತೀರಾ ತೆಳ್ಳಗಿದ್ದರೆ ತೂಕ ತಡೆಯೋದಿಲ್ಲ. ತೀರಾ ದಪ್ಪ ಇದ್ದರೆ ಇಷ್ಟು ಸಣ್ಣ ತೂಕ ಅದಕ್ಕೆ ಗೊತ್ತೇ ಆಗೋದಿಲ್ಲ, ಕಾಲ ಬುಡಕ್ಕೇ ಬೀಳುತ್ತೆ."

ಆಮೇಲೆ ಒಂದು ಚೂರು ಹತ್ತಿಯನ್ನು ದಾರ ಹಾಯುವ ಉಂಗುರಗಳ ಒಳಗೆಲ್ಲ ಸವರಿ ತೋರಿಸಿದರು. ಎಲ್ಲಾದರೂ ಸೀಳಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದಂತೆ. ಪ್ರತಿ ಸಲ ಮನೆಗೆ ಹೋದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು, ಉಪ್ಪು ಮೊದಲು ತಿನ್ನುವುದು ಈ ಉಂಗುರಗಳನ್ನೇ ಎಂದರು.

ಭಾವನಿಗೆ ನಗು. "ಏನೋ ಇದು, ಅಗರಬತ್ತಿ ಕಡ್ಡಿ ಇದ್ದಂಗಿದೆ! ಸಮುದ್ರಕ್ಕೆ ಬಂದ್ಮೇಲೆ ಸಮುದ್ರದ ಸೈಜಿಗೆ ತಗೋಬೇಕು" ಎನ್ನುತ್ತ, ಮೂಲೆಯಲ್ಲಿದ್ದ ದಪ್ಪನೆಯ ಕೋಲೊಂದನ್ನು ಎತ್ತಿಕೊಂಡರು. ಅದು ದೋಣಿಯಿಂದ ದೊಡ್ಡ ಮೀನು ಹಿಡಿಯುವವರ ಕೋಲು, ದಡಕ್ಕೆ ಆಗುವುದಿಲ್ಲ ಎಂದು ಆಂಟಣಿ ಚೇಟ್ಟನ್ ಹೇಳಿದರು. ಭಾವ ಕೇಳಲಿಲ್ಲ. ಚೇಟ್ಟನ್ ನನ್ನ ಕಡೆ ತಿರುಗಿ ಮೆಲ್ಲಗೆ, "ನೀವಾದರೂ ಹೇಳಿ ಸಾರೇ" ಎಂದರು.

ನಾನು ಹೇಳಲಿಲ್ಲ. ಅಕ್ಕನ ಗಂಡನಿಗೆ ನಾಲ್ಕು ಜನರ ಮುಂದೆ ಎದುರಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಎಸೆದು ನೋಡಿದ ಮೇಲೆ ಅವರಿಗೇ ಗೊತ್ತಾಗಲಿ ಎಂಬ ಸಣ್ಣ ಕುಹಕವೂ ಮನಸ್ಸಿನಲ್ಲಿತ್ತು. ಅದನ್ನು ಮುಚ್ಚಿಡಬಾರದು.

ಮುಂದಿನ ವಾರವೇ ಭಾವ ಅಕ್ಕನ ಜೊತೆ ಕಳಕ್ಕೂಟಂಗೆ ಬಂದರು. ಭಾನುವಾರ ಬೆಳಿಗ್ಗೆ ಹೊರಡುವಾಗ ಅಕ್ಕ, "ಜೋಪಾನ ಕಣೋ ಮಂಜು, ಇವರು ಯಾರ ಮಾತೂ ಕೇಳಲ್ಲ" ಎಂದಳು. ಭಾವ ಸ್ಕೂಟರ್ ಹತ್ತುತ್ತ, "ಕಾವೇರೀಲಿ ಈಜಿದೋನು ನಾನು" ಎಂದು ನಕ್ಕರು.

ಮುಕ್ಕಾಲು ಗಂಟೆ ದೂರದಲ್ಲಿ ಒಂದು ಅಳಿವೆಬಾಯಿ ಇದೆ. ಹಿನ್ನೀರು ಸಮುದ್ರ ಸೇರುವ ಕಡೆ ದೊಡ್ಡ ದೊಡ್ಡ ಕಲ್ಲು ಪೇರಿಸಿ ಒಡ್ಡು ಕಟ್ಟಿದ್ದಾರೆ. ತುದಿಗೆ ಹೋಗಬಾರದೆಂದು ಫಲಕವೂ ಇತ್ತು. ಅದನ್ನು ನೋಡಿಯೂ ನಾವು ದಾಟಿ ಹೋದೆವು. ತೇಲುವ ಜಾಕೆಟ್ ಇಬ್ಬರ ಮೈಮೇಲೂ ಇರಲಿಲ್ಲ. ಒಡ್ಡಿನ ಒಳಮಗ್ಗುಲಲ್ಲಿ ಮೂರು ಜನ ಕಲ್ಲಿಗಂಟಿದ ಚಿಪ್ಪಿ ಕೀಳಲು ಮುಳುಗೇಳುತ್ತಿದ್ದರು. ಅವರ ಗಾಳಿ ತುಂಬಿದ ಲಾರಿ ಟ್ಯೂಬೂ ಹಗ್ಗದ ಸುರುಳಿಯೂ ಕಲ್ಲಿನ ಮೇಲಿದ್ದವು.

ಗಂಟೆ ಏಳೂವರೆ ಇರಬಹುದು. ನನ್ನ ಲ್ಯೂರ್ ಸಲೀಸಾಗಿ ದೂರ ಹೋಗಿ ಬೀಳುತ್ತಿತ್ತು. ಭಾವ ಎಷ್ಟು ಬೀಸಿದರೂ ಅವರದು ಹತ್ತಿಪ್ಪತ್ತು ಹೆಜ್ಜೆಯೊಳಗೇ ತೊಪ್ಪೆಂದು ಬೀಳುತ್ತಿತ್ತು. ಅವರ ಮುಖ ಸಣ್ಣದಾಯಿತು. ನಾನು ನಕ್ಕೆ. ನಗಬಾರದಿತ್ತು. ಅವರು ಒಂದೊಂದೇ ಕಲ್ಲು ಇಳಿದು, ನೀರಿಗೆ ಹತ್ತಿರವಾಗಿ, ಪಾಚಿ ಹಿಡಿದ ಕೊನೆಯ ಕಲ್ಲಿನ ಮೇಲೆ ನಿಂತರು.

"ಭಾವ, ಅಲ್ಲಿ ಬೇಡ, ಮೇಲೆ ಬನ್ನಿ."

"ಇಲ್ಲಿಂದಾದ್ರೆ ಹೋಗುತ್ತೆ ನೋಡು" ಎಂದು ಕೋಲನ್ನು ಹಿಂದಕ್ಕೆ ಬೀಸಿದರು.

ಅಲೆ ಬಂದದ್ದನ್ನು ನಾನು ನೋಡಲಿಲ್ಲ. ಸದ್ದು ಕೇಳಿ ತಿರುಗಿದಾಗ ಕಲ್ಲು ಬರಿದಾಗಿತ್ತು. ಭಾವನ ತಲೆ ಆಗಲೇ ಆಚೆ ನೀರಿನಲ್ಲಿತ್ತು. ಕಡಲಿನ ಇಳಿತದ ಹೊತ್ತು. ಹಿನ್ನೀರೆಲ್ಲ ಸಮುದ್ರಕ್ಕೆ ನುಗ್ಗುತ್ತಿತ್ತು. ಅವರು ದಡದ ಕಡೆಗೇ ಕೈ ಬಡಿಯುತ್ತಿದ್ದರು, ನೀರು ಅವರನ್ನು ಹೊರಗೆ ಒಯ್ಯುತ್ತಿತ್ತು. ಅದರಾಚೆ, ಅಳಿವೆಯ ಬಾಯಲ್ಲಿ, ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ನಾನು "ಭಾವಾ" ಎಂದು ಕೂಗಿದೆ. ಮತ್ತೇನೂ ಮಾಡಲು ತೋಚಲಿಲ್ಲ.

ಚಿಪ್ಪಿ ಕೀಳುವವರಲ್ಲಿ ಒಬ್ಬ, ನಲವತ್ತರ ಆಸುಪಾಸಿನವ, ಹಗ್ಗವನ್ನೂ ಟ್ಯೂಬನ್ನೂ ಹೊತ್ತು ಕಲ್ಲಿನಿಂದ ಕಲ್ಲಿಗೆ ಹಾರುತ್ತ ಬಂದ. ಉಳಿದಿಬ್ಬರಿಗೆ ದೋಣಿ ತರಲು ಕೂಗಿ ಹೇಳಿದ. ಬಂದವನೇ ಹಗ್ಗದ ತುದಿಯನ್ನು ಬೀಸಿ ಎಸೆದ. ಅರ್ಧ ದೂರಕ್ಕೂ ಹೋಗಲಿಲ್ಲ. ಎಳೆದುಕೊಂಡು ಮತ್ತೆ ಎಸೆದ. ಅಷ್ಟೇ. ನಾನು ಅಂಗಿ ಬಿಚ್ಚಲು ಹೋದಾಗ ನನ್ನ ರಟ್ಟೆ ಹಿಡಿದ.

"ಇಲ್ಲಿ ಹಾರಿದರೆ ಕಲ್ಲಿಗೆ ಹೊಡೆಯುತ್ತೆ. ಆಮೇಲೆ ಇಬ್ಬರನ್ನ ಹುಡುಕಬೇಕು." ಅವನ ಕಣ್ಣು ನನ್ನ ಕೈಯಲ್ಲಿದ್ದ ಕೋಲಿನ ಮೇಲೆ ಬಿತ್ತು. "ಅದನ್ನ ಎಸೀರಿ. ಅವರ ತಲೆ ದಾಟಿ ಬೀಳಲಿ."

ಸೊಂಟದ ಚೂರಿಯಿಂದ ಅವನೇ ಲ್ಯೂರಿನ ಕೊಕ್ಕೆ ಕಿತ್ತು ಬಿಸಾಡಿದ. ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬೀಸಿದೆ. ಬಿಚ್ಚುತ್ತಿದ್ದ ರೀಲನ್ನು ಹೆಬ್ಬೆರಳಿನಿಂದ ಒತ್ತಿ ತಡೆಯುವುದು ತಡವಾಗಿ ದಾರ ಗೂಡುಗಟ್ಟಿಕೊಂಡಿತು. ಲ್ಯೂರ್ ಕಣ್ಣೆದುರೇ ಬಿತ್ತು. ಆ ಸಿಕ್ಕನ್ನು ಬಿಡಿಸಿದ ಹೊತ್ತು ನನ್ನ ಬದುಕಿನಲ್ಲೇ ಅತಿ ಉದ್ದದ ಹೊತ್ತು. ಅವನು ಬಯ್ಯಲಿಲ್ಲ. ಭಾವನ ಮೇಲಿಂದ ಕಣ್ಣು ತೆಗೆಯದೆ, "ಇದ್ದಾರೆ. ತಲೆ ಕಾಣ್ತಿದೆ. ನಿಧಾನ" ಎನ್ನುತ್ತಲೇ ಇದ್ದ.

ಎರಡನೆಯ ಸಲ ಗಾಳಿ ಲ್ಯೂರನ್ನು ಎಡಕ್ಕೆ ಎಳೆಯಿತು. ಮೂರನೆಯ ಸಲ ನಾನು ಜೋರು ಮಾಡಲಿಲ್ಲ. ತುದಿ ಬಾಗಲು ಬಿಟ್ಟು, ಚಿಮ್ಮಲು ಬಿಟ್ಟೆ. ಲ್ಯೂರ್ ಭಾವನ ತಲೆ ದಾಟಿ ಆಚೆ ಬಿತ್ತು, ದಾರ ಅವರ ಹೆಗಲ ಮೇಲೆ ಕೂತಿತು.

"ಭಾವ, ದಾರ! ದಾರ ಹಿಡ್ಕೊಳ್ಳಿ!"

ಅವರು ಹಿಡಿದರು. ಅವನು ರೀಲಿನ ಬಳಿ ದಾರ ಕತ್ತರಿಸಿ ಹಗ್ಗದ ತುದಿಗೆ ಗಂಟು ಹಾಕಿದ, ಅದೇ ತುದಿಗೆ ಟ್ಯೂಬನ್ನೂ ಕಟ್ಟಿ ನೀರಿಗೆ ಬಿಟ್ಟ. "ಎಳೀರಿ ಭಾವ, ನಿಮ್ಮ ಕಡೆ ಎಳ್ಕೊಳ್ಳಿ" ಎಂದು ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಆ ತೆಳ್ಳನೆಯ ದಾರ ಅವರ ಅಂಗೈಯನ್ನು ಚಾಕುವಿನಂತೆ ಕೊಯ್ಯುತ್ತಿತ್ತೆಂದು ಆಮೇಲೆ ಗೊತ್ತಾಯಿತು. ಆದರೂ ಬಿಡಲಿಲ್ಲ. ಟ್ಯೂಬು ಅಲೆಯ ಮೇಲೆ ಕುಣಿಯುತ್ತ ಹೋಗಿ ಹೋಗಿ ಕೊನೆಗೆ ಅವರ ತೋಳಿಗೆ ಸಿಕ್ಕಿತು.

ನಾನು ಹಗ್ಗವನ್ನು ಜಗ್ಗಲು ಹೋದೆ. "ಎಳೀಬೇಡಿ, ಕಲ್ಲಿಗೆ ತರಬೇಡಿ. ಹಿಡಿದುಕೊಳ್ಳಿ, ಸಾಕು" ಎಂದ. ಇಬ್ಬರೂ ಕಲ್ಲಿಗೆ ಕಾಲು ಕೊಟ್ಟು ಹಿಡಿದುಕೊಂಡು ಕೂತೆವು. ದೋಣಿ ಬಂದು ಭಾವನನ್ನು ಎತ್ತಿಕೊಳ್ಳುವವರೆಗೆ ಅವನು ಹಗ್ಗವನ್ನು ಸಡಿಲಬಿಡಲಿಲ್ಲ.

ಆಸ್ಪತ್ರೆಯಲ್ಲಿ ಭಾವನ ಬಲಗೈಗೆ ಹೊಲಿಗೆ ಹಾಕಿದರು. ಸುದ್ದಿ ತಿಳಿದು ಓಡಿಬಂದ ಅಕ್ಕ ಗಂಡನ ಮಂಚದ ಪಕ್ಕ ಕೂತು, ಅವರ ಒದ್ದೆ ಕೂದಲನ್ನು ಸೆರಗಿನಿಂದ ಒರೆಸುತ್ತಿದ್ದಳು. ಕೂದಲು ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

ಮುಂದಿನ ಭಾನುವಾರ ನಾನೂ ಭಾವನೂ ಹಗ್ಗ ತಂದವನನ್ನು ಹುಡುಕಿಕೊಂಡು ಹೋದೆವು. ಹೆಸರು ಸ್ಟೀಫನ್. ಕಡಲ ದಂಡೆಯ ದೋಣಿ ಚಪ್ಪರದಲ್ಲಿ ಚಿಪ್ಪಿಯ ಬಲೆಚೀಲ ಹೊಲಿಯುತ್ತ ಕೂತಿದ್ದ. ಅಕ್ಕ ಮಾಡಿ ಕಳಿಸಿದ್ದ ಮೈಸೂರು ಪಾಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಭಾವ ಕೈಮುಗಿಯಲು ಹೋದರೆ, "ಬೇಡ ಸಾರೇ" ಎಂದು ಅವರ ಬ್ಯಾಂಡೇಜಿನ ಕೈಯನ್ನು ಹಿಡಿದು ಕೆಳಗಿಳಿಸಿದ.

ಮತ್ತೆ ಸೂಜಿ ಹಿಡಿದು ಅವನೇ ಮಾತು ತೆಗೆದ. "ಹೋದ ವರ್ಷ ಇದೇ ಅಳಿವೆಬಾಯಲ್ಲಿ ನನ್ನ ತಮ್ಮನ ದೋಣಿ ಮಗುಚಿತು. ನಾನು ಒಡ್ಡಿನ ಮೇಲಿದ್ದೆ. ಹಗ್ಗ ಎಸೆದೆ. ಮುಟ್ಟಲಿಲ್ಲ. ಅವನು ನನ್ನನ್ನೇ ನೋಡ್ತಿದ್ದ." ಸೂಜಿ ಕೆಳಗಿಟ್ಟ. "ಆಮೇಲೆ ಹಗ್ಗವನ್ನ ಎರಡು ಪಟ್ಟು ಉದ್ದ ಮಾಡ್ಕೊಂಡೆ. ದಿನಾ ತರ್ತೀನಿ. ಹಗ್ಗ ಉದ್ದ ಆಯ್ತು, ಕೈ ಉದ್ದ ಆಗಲಿಲ್ಲ."

ನಾನು ಹೊಸ ದಾರ ಸುತ್ತಿಸಿದ್ದ ನನ್ನ ಕೋಲನ್ನು ತಂದಿದ್ದೆ, ಅವನಿಗೆ ಕೊಡಬೇಕೆಂದೇ. ಅದನ್ನು ಕಂಡು, "ಇನ್ನೊಂದು ಸಲ ಎಸೀತೀರಾ?" ಎಂದು ಕೇಳಿದ. ಒಡ್ಡಿನ ಮೇಲೆ, ಫಲಕದ ಈಚೆಗೇ ನಿಂತು, ಕೊಕ್ಕೆಯಿಲ್ಲದ ಲ್ಯೂರನ್ನು ಎಸೆದೆ. ಅದು ಬಿದ್ದ ಜಾಗವನ್ನು ಅವನು ಕಣ್ಣು ಕಿರಿದು ಮಾಡಿ ನೋಡಿದ. ನೀರಿನ ಉಂಗುರ ಅಳಿಸಿಹೋದ ಮೇಲೂ ನೋಡುತ್ತಿದ್ದ.

"ಅವನಿದ್ದದ್ದು ಅಷ್ಟೇ ದೂರ" ಎಂದ.

ಕೋಲು ಈಗ ಆ ಚಪ್ಪರದಲ್ಲಿ ಹಗ್ಗದ ಜೊತೆ ಇದೆ. ನಾಲ್ಕೈದು ಭಾನುವಾರ ಹೋಗಿ ಸ್ಟೀಫನ್‌ಗೂ ಅವನ ಜೊತೆಯವರಿಗೂ ಎಸೆಯುವುದನ್ನು ಕಲಿಸಿದೆ. ಹೆಬ್ಬೆರಳಿನ ಹದ ಅವರಿಗೆ ನನಗಿಂತ ಬೇಗ ಸಿಕ್ಕಿತು. ಭಾವ ಕಳೆದ ವರ್ಷ ಮೈಸೂರಿಗೆ ವರ್ಗವಾಗಿ ಹೋದರು. ಫೋನಿನಲ್ಲಿ ಮೊದಲು ಕೇಳುವುದು ಸ್ಟೀಫನ್ ಹೇಗಿದ್ದಾನೆ ಎಂದೇ.

ಊರಿಗೆ ಹೋದಾಗ ಭಾವನನ್ನು ಉಳಿಸಿದವನು ಎಂದು ನನ್ನನ್ನು ತೋರಿಸುತ್ತಾರೆ. ನನಗೆ ತಲೆ ಎತ್ತಲು ಆಗುವುದಿಲ್ಲ. ಅಂಗಡಿಯಲ್ಲಿ ಒಂದು ಮಾತು ಹೇಳದೆ ಸುಮ್ಮನಿದ್ದವನೂ ಒಡ್ಡಿನ ಮೇಲೆ ನಿಂತು ನಕ್ಕವನೂ ನಾನೇ. ತಮ್ಮನನ್ನು ಕಳೆದುಕೊಂಡ ಮನುಷ್ಯ, ಇನ್ನು ಯಾರಿಗಾದರೂ ಬೇಕಾದೀತು ಎಂದು, ಒಂದು ವರ್ಷ ದಿನವೂ ಆ ಭಾರದ ಹಗ್ಗವನ್ನು ಹೆಗಲ ಮೇಲೆ ಹೊತ್ತು ಕಲ್ಲಿನ ಮೇಲೆ ನಡೆದ. ನನ್ನ ಅಕ್ಕನ ಗಂಡ ಇವತ್ತು ಇರುವುದು ಅದರಿಂದ.